ಪಕ್ಕದಲ್ಲಿ ಕೂತವಳು

“ಗುರುಗಳೇ, ಹಿರಿಯರಿಂದ ಬಂದ ನಂಬಿಕೆಯನ್ನು ಮಕ್ಕಳಿಗೆ ದಾಟಿಸುವುದು ಹೇಗೆ?”

ಕೇಳಿದವನು ಶಿಷ್ಯ ಅನ್ನದಾನಿ. ಹರೆಯದ ಮಗಳನ್ನೂ ಜೊತೆಗೆ ಕರೆತಂದಿದ್ದ. ಅವಳು ಬಾಗಿಲಲ್ಲೇ “ಗುರುಗಳೇ, ನನಗೊಂದು…” ಎಂದು ಬಾಯಿ ತೆರೆದಿದ್ದಳು. “ಸುಮ್ಮನಿರು, ದೊಡ್ಡವರ ಮುಂದೆ ಏನು ಮಾತು” ಎಂದು ಗದರಿ, ಜಗಲಿಯಲ್ಲೇ ಕೂರಿಸಿ ಒಳಗೆ ಬಂದಿದ್ದ. ಈಗ ಅವಳ ಮೇಲಿನ ದೂರುಗಳ ಗಂಟು ಬಿಚ್ಚಿದ. ಪೂಜೆಯ ನಡುವೆ ಮಾತಾಡುತ್ತಾಳೆ. ಎಲ್ಲಕ್ಕೂ ಏಕೆ ಎನ್ನುತ್ತಾಳೆ. ನನ್ನ ಕಾಲಕ್ಕೇ ಇದೆಲ್ಲ ಮುಗಿದುಹೋದೀತು ಎಂದು ಭಯವಾಗುತ್ತದೆ.

ಗುರುಗಳಿಗೆ ಉದ್ದದ ದೂರು ಎಂದರೆ ಆಗದು. “ಸಾಕು ಮಾರಾಯ, ಕತೆ ಕೇಳು” ಎಂದು ಶುರುಮಾಡಿದರು.

ಕ್ರೈಸ್ತರಲ್ಲಿ ಕ್ವೇಕರ್ ಎಂಬ ಪಂಥದವರಿದ್ದಾರೆ. ಅವರ ಸಭೆಯಲ್ಲಿ ಪೂಜಾರಿಯಿಲ್ಲ, ಮಂತ್ರವಿಲ್ಲ, ಗಂಟೆ ಜಾಗಟೆಯಿಲ್ಲ. ವಾರಕ್ಕೊಮ್ಮೆ ಒಂದು ಬರಿಯ ಕೋಣೆಯಲ್ಲಿ ಸೇರಿ ಸುಮ್ಮನೆ ಕೂರುತ್ತಾರೆ. ದೇವರ ಬೆಳಕು ಎಲ್ಲರೊಳಗೂ ಇದೆ, ಅವನು ಯಾರ ಬಾಯಿಂದ ಬೇಕಾದರೂ ಮಾತಾಡಬಹುದು, ಮಗುವಿನ ಬಾಯಿಂದಲೂ, ಎಂಬುದು ಅವರ ನಂಬಿಕೆ. ಎದೆ ಡವಡವ ಹೊಡೆದುಕೊಂಡು ಇನ್ನು ಕೂರಲಾಗದು ಎನಿಸಿದವರು ಎದ್ದು ಎರಡು ಮಾತು ಹೇಳುತ್ತಾರೆ. ಕೊನೆಗೆ ಹಿರಿಯರೊಬ್ಬರು ಪಕ್ಕದವರ ಕೈ ಕುಲುಕಿದರೆ ಸಭೆ ಮುಗಿಯಿತು.

ಅವರಲ್ಲಿ ಒಬ್ಬ ಬಡಗಿ. ಅವನ ಮುದಿ ತಂದೆಯೇ ಸಭೆಗೆ ಹಿರಿಯ. ಬಡಗಿಗೆ ಒಬ್ಬಳೇ ಮಗಳು. ತನ್ನ ಮಗಳು ಈ ಮೌನವನ್ನು ಉಳಿಸಿಕೊಂಡು ಹೋಗಬೇಕು ಎಂಬುದೊಂದೇ ಅವನ ಆಸೆ. ಹಗಲೂ ರಾತ್ರಿ ಅದೇ ಚಿಂತೆ, ನಿನ್ನ ಹಾಗೆಯೇ.

ಅವಳು ಚಿಕ್ಕವಳಿದ್ದಾಗ ಒಮ್ಮೆ ಸಭೆಯ ನಡುವೆ ಎದ್ದು ನಿಂತಳು. “ಕಿಟಕಿಯಲ್ಲಿ ಜೇನುಹುಳ ಸಿಕ್ಕಿಕೊಂಡಿದೆ, ಯಾರಾದರೂ ಬಿಡಿಸಿ” ಎಂದಳು. ಅಜ್ಜ ನಕ್ಕು, ತಾನೇ ಎದ್ದು ಕಿಟಕಿ ತೆರೆದ. ಬಡಗಿಗೆ ಮಾತ್ರ ತಲೆ ಎತ್ತಲಾಗಲಿಲ್ಲ. ಮನೆಗೆ ಬಂದವನೇ, “ಅದು ದೇವರ ಮಾತಲ್ಲ, ನಿನ್ನ ಮಾತು. ಇನ್ನು ಮೇಲೆ ತೂಗಿ ನೋಡು. ನಿನ್ನದು ಎನಿಸಿದರೆ ನುಂಗಿಬಿಡು” ಎಂದ.

ಹುಡುಗಿ ತೂಗಿ ನೋಡಿದಳು. ಆಮೇಲೂ ಎಷ್ಟೋ ಸಲ ಅವಳ ಎದೆ ಹೊಡೆದುಕೊಂಡಿತು. ಅಪ್ಪನ ಮುಖ ನೋಡುವಳು, ಅವನು ಬೇಡವೆಂದು ತಲೆ ಅಲ್ಲಾಡಿಸುವನು, ಅವಳು ನುಂಗಿಕೊಳ್ಳುವಳು. ಬೆಳೆಯುತ್ತ ಬೆಳೆಯುತ್ತ ಕಲ್ಲಿನ ಹಾಗೆ ಕೂರುವುದನ್ನು ಕಲಿತಳು. ಜನ ಹೊಗಳಿದರು. ಬಡಗಿ ಹಿಗ್ಗಿದ. ಅಯ್ಯೋ, ಅವನ ಹಿಗ್ಗನ್ನು ಏನೆಂದು ಹೇಳಲಿ!

ಒಂದು ಭಾನುವಾರ ಅವಳು ಅಪ್ಪನಿಗೂ ಅಜ್ಜನಿಗೂ ನಡುವೆ ಕೂತಿದ್ದಳು. ಎಲ್ಲರೂ ಕಣ್ಣು ಮುಚ್ಚಿದ್ದರು. ಅಜ್ಜನ ಕೈ ಮೊಣಕಾಲಿನಿಂದ ಜಾರಿತು. ತುಟಿ ಕಪ್ಪಿಟ್ಟಿತು. ಅವಳ ಎದೆ ಹಿಂದೆಂದೂ ಹೊಡೆದುಕೊಳ್ಳದಷ್ಟು ಹೊಡೆದುಕೊಂಡಿತು. ಅಪ್ಪನ ತೋಳು ಹಿಡಿದು ಜಗ್ಗಿದಳು. ಅವನು ಕಣ್ಣು ಬಿಡಲಿಲ್ಲ. ಎಂದಿನಂತೆ ತಲೆ ಅಲ್ಲಾಡಿಸಿದ.

ಹೊತ್ತು ಮೀರಿತು. ಕೈ ಕುಲುಕಬೇಕಾದ ಹಿರಿಯ ಕುಲುಕಲಿಲ್ಲ. ಜನ ಏನೆಂದುಕೊಂಡರು ಗೊತ್ತೇ? ಇವತ್ತಿನ ಮೌನ ಎಷ್ಟು ಆಳ ಎಂದುಕೊಂಡರು. ಒಬ್ಬ ಹೆಂಗಸಿಗೆ ಆನಂದದಿಂದ ಕಣ್ಣೀರೇ ಬಂತು. ಕಡೆಗೆ ಬಡಗಿಯೇ ಕಣ್ಣು ಬಿಟ್ಟು ತಂದೆಯ ಕೈ ಹಿಡಿದ. ಕೈ ತಣ್ಣಗಾಗಿತ್ತು.

“ಪಕ್ಕದಲ್ಲೇ ಇದ್ದೆಯಲ್ಲೇ! ನಿನಗೆ ಗೊತ್ತಾಗಲಿಲ್ಲವೇ?” ಎಂದು ಕೂಗಿದ.

“ಗೊತ್ತಾಯಿತು ಅಪ್ಪ. ತೂಗಿ ನೋಡಿದೆ. ನನ್ನ ಮಾತೇ ಅನ್ನಿಸಿತು.”

ಗುರುಗಳು ಇಲ್ಲಿ ನಿಲ್ಲಿಸಿ ನೀರು ಕುಡಿದರು. ಅನ್ನದಾನಿಗೆ ತಡೆಯಲಾಗಲಿಲ್ಲ. ಆ ಹುಡುಗಿ ಆಮೇಲೆ ಸಭೆಗೆ ಹೋಗುವುದನ್ನು ಬಿಟ್ಟುಬಿಟ್ಟಳೇ ಎಂದು ಕೇಳಿದ.

ಬಿಟ್ಟಿದ್ದರೆ ಚೆನ್ನಾಗಿತ್ತು ಎಂದರು ಗುರುಗಳು. ಅವಳು ಒಂದು ವಾರವೂ ತಪ್ಪಿಸಲಿಲ್ಲ. ಅದೇ ಜಾಗದಲ್ಲಿ ಕೂರುತ್ತಾಳೆ, ಕೈ ಕುಲುಕಿದ ಮೇಲೆ ಎದ್ದು ಹೋಗುತ್ತಾಳೆ. ಬಡಗಿಯೂ ಪಕ್ಕದಲ್ಲೇ ಕೂರುತ್ತಾನೆ. ಈಗ ಅವನು ಕಣ್ಣು ಮುಚ್ಚುವುದಿಲ್ಲ. ಇವತ್ತಾದರೂ ಮಗಳು ಏನಾದರೂ ಹೇಳಿಯಾಳೇ ಎಂದು ಅವಳ ಬಾಯನ್ನೇ ನೋಡುತ್ತಾನೆ. ಅವನ ತಲೆ ಬೆಳ್ಳಗಾಯಿತು. ಅವಳು ಬಾಯಿ ತೆರೆದಿಲ್ಲ.

ಅನ್ನದಾನಿ ನಿಟ್ಟುಸಿರುಬಿಟ್ಟ. ಪಾಪ ಆ ತಂದೆ ಎಂದ. ಆದರೆ ತನ್ನ ಪ್ರಶ್ನೆಗೆ ಇದರಲ್ಲಿ ಉತ್ತರವೇನು ಎಂಬಂತೆ ಗುರುಗಳ ಮುಖ ನೋಡಿದ.

ಗುರುಗಳು ಜಗಲಿಯ ಕಡೆ ಕೈ ತೋರಿಸಿದರು.

“ಆಗಲೇ ನಿನ್ನ ಮಗಳು ಏನೋ ಹೇಳಲು ಬಂದಳಲ್ಲ, ಏನದು?”

ಅನ್ನದಾನಿ ಬಾಯಿ ತೆರೆದ. ಅವನಿಗೆ ಗೊತ್ತಿರಲಿಲ್ಲ.