ಮೂರು ಸಲ ಹಬೆಗಿಟ್ಟ ಕುಸ್ಕುಸ್

ಒಂದಾನೊಂದು ಕಾಲದಲ್ಲಿ, ನಾನೂ ಹುಟ್ಟಿರಲಿಲ್ಲ, ನನ್ನಜ್ಜಿಯೂ ಹುಟ್ಟಿರಲಿಲ್ಲ ಅಂತ ಇಟ್ಕೋ, ದೂರದ ಮೊರಾಕೊ ದೇಶದಲ್ಲಿ, ಬೆಟ್ಟದ ಬುಡದಲ್ಲಿ, ಮೈಮೂನಾ ಅನ್ನೋ ಹೆಂಗಸು ದಾರಿಹೋಕರಿಗೆ ಅಡುಗೆ ಮಾಡಿಹಾಕೋ ಛತ್ರ ನಡೆಸ್ತಿದ್ದಳಂತೆ. ಆ ದಾರೀಲಿ ಬರ್ತಿದ್ದಿದ್ದು ಒಂದೇ ಒಂದು ಒಂಟೆ ಸಾಲು, ಅಯಾದ್ ಅನ್ನೋ ಮುದುಕ ಸರದಾರನದು. ಅವನು ಬಂದ್ರೆ ಛತ್ರದ ಒಲೆ ಉರೀತಿತ್ತು, ಬರದಿದ್ರೆ ಇಲ್ಲ.

ಒಂದು ದಿನ ಬೆಳಗ್ಗೆ ಅಯಾದ್ ಸಪ್ಪೆ ಮೋರೆ ಹಾಕ್ಕೊಂಡು ಬಂದನಂತೆ. ಅವನಿಗೆ ಮೂರು ಜನ ಗಂಡುಮಕ್ಕಳು. ಸಾಲಿನ ಮುಂದಿನ ಒಂಟೆ ಹಗ್ಗ ನಾನು ಹಿಡೀಬೇಕು, ನಾನು ಹಿಡೀಬೇಕು ಅಂತ ಕಿತ್ತಾಡಿ ಮಾತೇ ಬಿಟ್ಟಿದ್ದರಂತೆ. ನಾಳೆ ಒಂಟೆಗಳನ್ನ ಮೂರು ಪಾಲು ಮಾಡಿಬಿಡ್ತೀನಿ ತಾಯೀ, ಅವರವರ ದಾರಿ ಅವರು ನೋಡ್ಕೊಳ್ಲಿ, ಈ ಕಡೆ ಇನ್ನು ಯಾರೂ ಬರಲ್ಲ ಅಂದನಂತೆ. ಅವನು ಬರದಿದ್ರೆ ಮೈಮೂನಾಳ ಒಲೆ ಆರಿದ ಹಾಗೇ. ಆದ್ರೂ ಗಟ್ಟಿಗಿತ್ತಿ ನೋಡು, ಪಾಲು ನಾಳೆ ತಾನೇ ಸರದಾರರೇ, ಇವತ್ತಿನ ಊಟ ನಂದು ಅಂದಳಂತೆ.

ಮೊದಲು ಹರೀರಾ ಮಾಡಿದಳಂತೆ, ಕಡಲೆ, ಬೇಳೆ, ಟೊಮೇಟೊ ಹಾಕಿದ ಗಟ್ಟಿ ಸಾರು ಅದು, ಜೊತೆಗೆ ಖರ್ಜೂರ. ಮೂವರೂ ಬಟ್ಟಲು ಎತ್ಕೊಂಡು ಮೂರು ಮೂಲೆಗೆ ಹೋಗಿ ಕುಡಿದರು. ಆಮೇಲೆ ಮಧ್ಯಾಹ್ನ ತಾಜೀನ್ ಮಾಡಿದಳಂತೆ, ಗೋಪುರದಂಥ ಮುಚ್ಚಳದ ಮಣ್ಣಿನ ಪಾತ್ರೇಲಿ ಕೋಳಿ, ಉಪ್ಪಲ್ಲಿ ನೆನೆಹಾಕಿದ ನಿಂಬೆಹಣ್ಣು, ಸಣ್ಣ ಉರೀಲಿ. ಪಾತ್ರೆ ಒಂದೇ ಆದ್ರೂ ಆ ಮೊಂಡರು ರೊಟ್ಟಿ ಮುರಿದು, ಅದರ ಮೇಲೆ ಬಡಿಸ್ಕೊಂಡು ಮತ್ತೆ ಮೂಲೆ ಸೇರಿದರಂತೆ!

ಉಳಿದಿದ್ದು ಕುಸ್ಕುಸ್. ಅದು ಏನು ಅಂತೀಯಾ? ರವೆಗೆ ನೀರು ಚಿಮುಕಿಸಿ, ಅಂಗೈಯಲ್ಲಿ ಉಜ್ಜಿ ಉಜ್ಜಿ ಸಣ್ಣ ಕಾಳು ಮಾಡಿ, ನಮ್ಮ ಇಡ್ಲಿ ಥರ ಹಬೆಗೆ ಇಡೋದು. ಒಂದು ಸಲ ಅಲ್ಲ, ತೆಗೆದು ಬಿಡಿಸಿ, ಬಿಡಿಸಿ ಇಟ್ಟು, ಮೂರು ಸಲ. ಘಮಘಮ ಅಂತ ವಾಸನೆ ಬಂದು ಮೂವರ ಹೊಟ್ಟೇಲೂ ಇಲಿ ಓಡ್ತಿತ್ತಂತೆ. ಮೈಮೂನಾಳ ತಂಗಿ ರಹ್ಮಾ, ಅಕ್ಕಾ, ಒಂದು ಹಬೆಗೇ ಬಡಿಸಿಬಿಡೇ, ಮೂರು ತಟ್ಟೇಲಿ ಕೊಡೇ ಅಂತ ಗೋಗರೆದಳಂತೆ. ಸುಮ್ನಿರೇ, ಅವರಿಗೆ ಇನ್ನೂ ಸ್ವಲ್ಪ ಹಸಿವಾಗ್ಲಿ, ತಟ್ಟೇನೂ ಒಂದೇ ಅಂದಳು ಮೈಮೂನಾ.

ಆಮೇಲೆ ಸಂಜೆ ದೊಡ್ಡ ತಟ್ಟೆ ತಂದಿಟ್ಟಳಂತೆ, ಬೆಟ್ಟದ ಹಾಗೆ ಕುಸ್ಕುಸ್, ಸುತ್ತ ತರಕಾರಿ, ನಡುವೆ ಒಂದೇ ಒಂದು ದೊಡ್ಡ ಮಾಂಸದ ತುಂಡು. ಬಿಸಿ ಕಾಳನ್ನ ಕೈಯಲ್ಲಿ ಎತ್ಕೊಂಡು ಓಡಕ್ಕಾಗುತ್ತಾ? ಕೂತೇ ತಿನ್ಬೇಕು! ತಲೆ ತಗ್ಗಿಸ್ಕೊಂಡು ಮೂವರೂ ಕೂತರಂತೆ. ಅಲ್ಲಿಯ ಪದ್ಧತಿ ಏನು ಗೊತ್ತಾ, ಒಂದೇ ತಟ್ಟೆ ಆದ್ರೂ ಅವರವರ ಎದುರಿಗಿರೋದನ್ನ ಮಾತ್ರ ತಿನ್ನಬೇಕು, ನಡುವಿನ ಮಾಂಸ ಕೊನೆಗೆ. ತಿಂತಾ ತಿಂತಾ ಮೂರು ಕೈಯೂ ನಡುವಿಗೆ ಬಂದು, ಆ ತುಂಡಿನ ಹತ್ರ ಬೆರಳಿಗೆ ಬೆರಳು ತಾಗಿತಂತೆ.

ದೊಡ್ಡವನು ಸುಮ್ಮನೆ ತುಂಡನ್ನ ಚಿಕ್ಕವನ ಕಡೆ ತಳ್ಳಿ, ತಿನ್ನೋ, ಅಮ್ಮ ಇದ್ದಿದ್ರೆ ನಿಂಗೇ ಕೊಡ್ತಿದ್ದಳು ಅಂದನಂತೆ. ಚಿಕ್ಕವನ ಕಣ್ಣು ತುಂಬಿ, ಬೇಡ ಅಣ್ಣಾ, ನೀನೇ ತಿನ್ನು ಅಂತ ವಾಪಸ್ ತಳ್ಳಿದ. ನಡುವಿನವನು ಬರ್ರೋ ಇಬ್ಬರೂ ಅಂತ ಮೂರು ತುಂಡು ಮಾಡಿ ಇಬ್ಬರ ಬಾಯಿಗೂ ಇಟ್ಟನಂತೆ!

ಅಯಾದ್ ಗೊಳೋ ಅಂತ ಅತ್ತುಬಿಟ್ಟ. ನೀನು ಗೆದ್ದೆ ತಾಯೀ, ನಮ್ಮ ಒಂಟೆಗಳು ಈ ದಾರಿ ಬಿಡಲ್ಲ ಅಂದನಂತೆ. ಮೈಮೂನಾ ಪುದೀನಾ ಚಹಾನ ತಲೆ ಎತ್ತರದಿಂದ ಲೋಟಕ್ಕೆ ಸುರಿದು ನೊರೆ ಎಬ್ಬಿಸಿದಳು. ಮಾರನೇ ಬೆಳಗ್ಗೆ ಮತ್ತೆ ಜಗಳ ಶುರುವಾಯ್ತಂತೆ. ಏನಂತ? ಮುಂದಿನ ಒಂಟೆ ಹಗ್ಗ ನೀನು ಹಿಡಿ, ಇಲ್ಲ ಇಲ್ಲ ನೀನು ಹಿಡಿ ಅಂತ! ಆ ಛತ್ರದ ಒಲೆ ಆಮೇಲೆ ಆರಲೇ ಇಲ್ಲವಂತೆ.

ತಟ್ಟೆ ಖಾಲಿಯಾಯ್ತು, ಕತೆ ಮುಗೀತು. ಹೊದಿಕೆ ಎಳೀಬೇಡ, ಅಣ್ಣಂಗೂ ಸ್ವಲ್ಪ ಬಿಟ್ಟು ಮಲಕ್ಕೋ.