ಸಿಟ್ಟಿಗೊಂದು ಎಲೆ

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ಕಾಶವ್ವನವರು. ನಮ್ಮ ತಾಯಿಯ ಗೆಳತಿ, ನಿವೃತ್ತ ಡ್ರಿಲ್ ಮಾಸ್ತರ ದುಂಡಪ್ಪನವರ ಧರ್ಮಪತ್ನಿ. ಹೋಳಿಗೆ ತಟ್ಟುತ್ತ ಹೇಳಿದರು. ಹಂಚಿನ ಮೇಲೆ ಹೋಳಿಗೆ ಸೀದರೂ ಕತೆಯನ್ನು ಸೀಯಗೊಡಲಿಲ್ಲ. ಯಜಮಾನರು ಪಡಸಾಲೆಯಲ್ಲೇ ಕುಳಿತು, "ಅಲ್ಲಿ ಒಂದ್ ಮಾತು ಬಿಟ್ಟಿ ನೋಡು" ಎಂದು ನಡುನಡುವೆ ತಿದ್ದುತ್ತಿದ್ದರು. ಹೀಗಾಗಿ ಇದರಲ್ಲಿ ಏನಾದರೂ ಹೆಚ್ಚುಕಮ್ಮಿ ಇದ್ದರೆ ಅದಕ್ಕೆ ದಂಪತಿಗಳಿಬ್ಬರ ಒಪ್ಪಿಗೆಯೂ ಇದೆ ಎಂದು ತಿಳಿಯತಕ್ಕದ್ದು.

ಹಿರೇಬಾವಿಯ ಮುರಿಗೆಮ್ಮ ತಾಯಿಯವರನ್ನು ಸುತ್ತಲಿನ ಹಳ್ಳಿಗಳವರು 'ಅವ್ವಾರು' ಎಂದೇ ಕರೆಯುತ್ತಿದ್ದರು. ಊರ ಹೊರಗೆ ಬೇವಿನ ಮರದಡಿ ಅವರ ಮಠ. ಮಠವೆಂದರೆ ಕಮಾನು, ಕಳಸ ಎಂದುಕೊಳ್ಳಬೇಡಿ. ತಗಡು ಹೊದಿಸಿದ ಒಂದು ಅಡುಗೆಮನೆ, ಅದರ ಮುಂದೆ ಪಂಕ್ತಿ ಕೂಡಲು ಒಂದು ಉದ್ದನೆಯ ಪಡಸಾಲೆ. ಅವ್ವನವರಿಗೆ ಗದ್ದುಗೆ ಇರಲಿಲ್ಲ. ಅಡುಗೆಮನೆಯ ಹೊಸ್ತಿಲ ಬದಿಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂಡುತ್ತಿದ್ದರು. ದರ್ಶನ, ಆಶೀರ್ವಾದ ಎಲ್ಲವೂ ಆ ಮೊರದ ಮೇಲಿಂದಲೇ ಆಗುತ್ತಿತ್ತು. ಅವರು ಪವಾಡ ಮಾಡಿದ್ದನ್ನು ಕಂಡವರಿಲ್ಲ, ಉಪದೇಶ ಮಾಡಿದ್ದನ್ನು ಕೇಳಿದವರೂ ಕಡಿಮೆ. ಮಠಕ್ಕೆ ಇದ್ದ ಕಟ್ಟಳೆಗಳು ಎರಡೇ. ಬಂದವರನ್ನು ನಿಲ್ಲಿಸಬಾರದು, ಎಲೆ ಹಾಕಿ ಕೂಡಿಸಬೇಕು. ಬಡಿಸಿದ್ದನ್ನು ಎಲೆಯಲ್ಲಿ ಬಿಡಬಾರದು.

ಇನ್ನು ದುಂಡಪ್ಪ ಮಾಸ್ತರರು. ಇವರಿಗೆ ಸಿಟ್ಟು ಬರುತ್ತಿತ್ತು ಎಂದರೆ ತಪ್ಪಾಗುತ್ತದೆ. ಸಿಟ್ಟು ಅವರ ಮನೆಯಲ್ಲೇ ಇರುತ್ತಿತ್ತು, ಆಗೀಗ ಹೊರಗೆ ಹೋಗಿ ಬರುತ್ತಿತ್ತು. ನಿವೃತ್ತರಾದ ಮೇಲೂ ಕೊರಳಲ್ಲಿ ಸೀಟಿ ತೂಗುತ್ತಿತ್ತು. ಚಹಾ ತಡವಾದರೆ ಊದುತ್ತಿದ್ದರು, ಎಮ್ಮೆ ಅಂಗಳಕ್ಕೆ ಬಂದರೆ ಊದುತ್ತಿದ್ದರು. ಎಮ್ಮೆ ಸರಿಯುತ್ತಿತ್ತು, ಚಹಾ ಮಾತ್ರ ಬರುವ ಹೊತ್ತಿಗೇ ಬರುತ್ತಿತ್ತು.

ಅವರ ತಂಗಿಯ ಮಗಳು ದಾಕ್ಷಾಯಿಣಿಯ ಮದುವೆ ಗೊತ್ತಾಯಿತು. ನಮ್ಮ ಕಡೆ ಮದುಮಗಳನ್ನು ಸೋದರಮಾವ ಕೈಹಿಡಿದು ಮಂಟಪಕ್ಕೆ ಕರೆತರಬೇಕು. ಹಾಗೆಯೇ, ಮದುವೆಯೆಂದರೆ ಒಬ್ಬರಾದರೂ ಮುನಿಸಿಕೊಳ್ಳಬೇಕು. ಯಾರೂ ಮುನಿಸಿಕೊಳ್ಳದ ಮದುವೆಯನ್ನು ನಾನಂತೂ ಈವರೆಗೆ ಉಂಡಿಲ್ಲ. ಈ ಎರಡೂ ಜವಾಬ್ದಾರಿಗಳು ದುಂಡಪ್ಪನವರ ಮೇಲೆಯೇ ಬಿದ್ದವು.

ನಡೆದದ್ದು ಇಷ್ಟು. ತಂಗಿಯ ಗಂಡ ರಾಚಪ್ಪ ಕರೆಯಲು ಬಂದ. ಮೋಟರ್ ಸೈಕಲ್ ಮೇಲೆ ಬಂದ. ಒಂದು ಕಾಲು ನೆಲಕ್ಕೆ ಊರಿ, ಗಾಡಿ ಗುಡುಗುಡು ಅನ್ನುತ್ತಿರುವಾಗಲೇ ಲಗ್ನಪತ್ರಿಕೆಯನ್ನು ಕಟ್ಟೆಯ ಮೇಲೆ ಇಟ್ಟು, "ಬಂದ್ಬಿಡ್ರಿ ಭಾವಾರ!" ಎಂದು ಕೂಗಿ ಹೊರಟುಹೋದ. ಕೆಳಗೆ ಇಳಿಯಲಿಲ್ಲ, ಒಳಗೆ ಬರಲಿಲ್ಲ, ಕುಂಕುಮವಿಲ್ಲ, ಎಲೆ ಅಡಿಕೆಯಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಗಾಡಿ ಬಂದ್ ಮಾಡಲಿಲ್ಲ.

"ಗಾಡಿ ಬಂದ್ ಮಾಡ್ಲಿಲ್ಲ ನೋಡು ಅಂವ!" ದುಂಡಪ್ಪನವರು ಅಂದು ಸಂಜೆ ಅಂದರು. ಮರುದಿನ ಅಂದರು. ಸ್ನಾನದ ಮನೆಯಿಂದ ಅಂದರು. "ಹಾಲಿನವ ಬಂದ್ರೂ ಸೈಕಲ್ ನಿಲ್ಲಿಸಿ ಇಳೀತಾನ. ನಾ ಏನ್ ಹಾದಿ ಮ್ಯಾಗಿನ ಕಲ್ಲೇನು? ನಾ ಹೋಗೂದಿಲ್ಲ. ಸೋದರಮಾವ ಇಲ್ಲದ ಹ್ಯಾಂಗ್ ಲಗ್ನ ಮಾಡ್ತಾರೋ ನೋಡೇಬಿಡ್ತೀನಿ."

ಮದುವೆಯ ಹಿಂದಿನ ದಿನದವರೆಗೂ ಇದೇ ಜಪ. ತಂಗಿ ಬಂದು ಅತ್ತಳು, ಕರಗಲಿಲ್ಲ. ಕೊನೆಗೆ ಮದುಮಗಳೇ ಫೋನ್ ಮಾಡಿದಳು. "ಮಾಮಾ, ನೀ ಕೈಹಿಡದು ಕರ್ಕೊಂಡ್ ಹೋಗ್ಲಿಲ್ಲಂದ್ರ ನಾ ಮಂಟಪ ಹತ್ತೂದಿಲ್ಲ. ಅರಿಷಿಣ ಹಚ್ಕೊಂಡು ಖೋಲ್ಯಾಗ ಕುಂತಿರ್ತೀನಿ. ಅಷ್ಟ." ಫೋನ್ ಇಟ್ಟಳು. ಸೈಕಲ್ ಕಲಿಸಿದ್ದು, ಈಜು ಕಲಿಸಿದ್ದು ಮಾಮ; ಹಟವನ್ನೂ ಅಲ್ಲಿಂದಲೇ ಕಲಿತಿದ್ದಳು.

ಫೋನ್ ಕೆಳಗಿಟ್ಟ ದುಂಡಪ್ಪನವರಿಗೆ ಹೋಗಬೇಕೆಂಬ ಆಸೆ ಇಲ್ಲದೆ ಇರಲಿಲ್ಲ. ಆದರೆ ಇಷ್ಟು ದಿನ ಊರ ತುಂಬ ಸಾರಿ, ಈಗ ಹೋಗಿ ನಿಂತರೆ ಮರ್ಯಾದೆ? ಮುನಿಸಿನ ಗಿಡ ಹತ್ತುವುದು ಸುಲಭ, ಇಳಿಯಲು ಕೆಳಗಿನಿಂದ ಯಾರಾದರೂ ನಿಚ್ಚಣಿಕೆ ಇಡಬೇಕು. ಇದನ್ನು ಬಲ್ಲ ಕಾಶವ್ವನವರು ಅಂದರು: "ಏನ್ರಿ, ಅವ್ವಾರನ್ನ ಕೇಳೂಣು ನಡೀರಿ. ಹೋಗ್ಬ್ಯಾಡ ಅಂದ್ರ ನಾನೂ ಹೋಗೂದಿಲ್ಲ."

ದುಂಡಪ್ಪನವರಿಗೆ ಮಠಮಾನ್ಯಗಳಲ್ಲಿ ನಂಬಿಕೆ ಅಷ್ಟಕ್ಕಷ್ಟೆ. "ಜೋಳದಾಗಿನ ಕಲ್ಲು ಆರಿಸೋ ಮುದುಕಿಗಿ ನನ್ನ ಮರ್ಯಾದಿ ಏನ್ ತಿಳೀತೈತಿ?" ಎಂದರು. ಆದರೂ ನ್ಯಾಯ ತಮ್ಮ ಕಡೆಗೇ ಇದೆ ಎಂಬ ಧೈರ್ಯದಿಂದ ಹೊರಟರು. ಕಾಶವ್ವನವರ ಕೈಯಲ್ಲಿ ಒಂದು ದೊಡ್ಡ ಚೀಲ ಇತ್ತು. ಏನದು ಎಂದರೆ, "ಮಠಕ್ಕ ಕೊಡೂ ಹಳೀ ಅರಿವಿ" ಅಂದರು.

ಮಠ ತಲುಪಿದಾಗ ಊಟದ ಹೊತ್ತು. ಅವ್ವನವರು ಎಂದಿನಂತೆ ಮೊರ ಹಿಡಿದು ಕುಳಿತಿದ್ದರು. ದುಂಡಪ್ಪನವರು ನಮಸ್ಕಾರವನ್ನೂ ಸಾವಧಾನ್-ವಿಶ್ರಾಮದ ಧಾಟಿಯಲ್ಲೇ ಮುಗಿಸಿ, ತಮ್ಮ ಫಿರ್ಯಾದಿ ಒಪ್ಪಿಸಿದರು. ರಾಚಪ್ಪ ಕಾಲು ಊರಿದ ರೀತಿ, ಗಾಡಿಯ ಸದ್ದು, ಹೊಗೆ ಕಟ್ಟೆಯ ಮೇಲಿನ ತುಳಸಿಗೆ ಬಡಿದದ್ದು, ಎಲ್ಲವನ್ನೂ ಅಭಿನಯಿಸಿಯೇ ತೋರಿಸಿದರು. "ಈಗ ನೀವ ಹೇಳ್ರಿ ಅವ್ವಾರ. ನನಗ ಸಿಟ್ಟು ಬಂದದ್ದು ತಪ್ಪೇನು?"

ಅವ್ವನವರು ಮೊರ ಕೆಳಗಿಟ್ಟರು. "ತಪ್ಪಲ್ಲ. ಬಂದೈತಿ, ಖರೆ."

ದುಂಡಪ್ಪನವರು ಹೆಂಡತಿಯ ಕಡೆ ಗೆಲುವಿನ ನೋಟ ಬೀರಿದರು.

"ಬಂದವರನ್ನ ನಿಲ್ಲಿಸಬಾರದು," ಅವ್ವನವರು ಮುಂದುವರಿಸಿದರು. "ಬಾಳವ್ವಾ, ಮಾಸ್ತರಿಗೊಂದು ಎಲಿ ಹಾಕು. ಮಗ್ಗಲಕ ಅವರ ಸಿಟ್ಟಿಗೂ ಒಂದು ಎಲಿ ಹಾಕು."

ಬಡಿಸುವ ಬಾಳವ್ವ ಅವ್ವನವರ ಮಾತಿಗೆ ಎಂದೂ ಎದುರು ಕೇಳಿದವಳಲ್ಲ. ಎರಡು ಎಲೆ ಹಾಕಿದಳು, ಎರಡಕ್ಕೂ ನೀರು ಚಿಮುಕಿಸಿದಳು. ದುಂಡಪ್ಪನವರಿಗೆ ಇದು ಹಾಸ್ಯವೋ ಗೌರವವೋ ಗೊತ್ತಾಗಲಿಲ್ಲ. ಅವ್ವನವರ ಮುಖ ನೋಡಿದರು. ಅಲ್ಲಿ ನಗುವಿನ ಸುಳಿವೇ ಇಲ್ಲ. ಗೌರವವೇ ಇರಬೇಕು ಎಂದುಕೊಂಡು ಕುಳಿತರು. ಎಡಕ್ಕೆ ಕಾಶವ್ವ, ಬಲಕ್ಕೆ ಸಿಟ್ಟು.

ಬಾಳವ್ವ ರೊಟ್ಟಿ ತಂದಳು. ಅವರ ಎಲೆಗೆ ಹಾಕಿ, ಬಲಗಡೆಯ ಎಲೆಯ ಮುಂದೆ ನಿಂತು ಭಕ್ತಿಯಿಂದ ಕೇಳಿದಳು: "ಮಾಸ್ತರ, ಇವರು ಬಿಸಿ ರೊಟ್ಟಿ ತಿಂತಾರೋ, ಕಡಕ್ ರೊಟ್ಟಿನೋ?"

"ಹಾಕವಾ ಯಾವುದರ," ಎಂದರು ಮಾಸ್ತರರು.

"ಎರಡೂ ಹಾಕ್ತೀನ್ರಿ. ಮೊದಲನೇ ಸರ್ತಿ ಬಂದಾರ."

ಎಣ್ಣೆಗಾಯಿ ಬಂತು, ಹೆಸರುಕಾಳಿನ ಪಲ್ಯ ಬಂತು, ಶೇಂಗಾ ಹಿಂಡಿ ಬಂತು. ಅಷ್ಟರಲ್ಲಿ ತಡವಾಗಿ ಬಂದ ಧಡೂತಿ ಗೃಹಸ್ಥರೊಬ್ಬರು ಖಾಲಿ ಜಾಗ ಕಂಡು ಪಂಚೆ ಎತ್ತಿಕೊಂಡು ಕೂಡಲು ಹೊರಟರು.

"ಇಲ್ಲಿ ಯಾರೂ ಇಲ್ಲಲ್ರಿ?"

"ಅದಾರ್ರಿ," ಎಂದರು ಮಾಸ್ತರರು.

"ಯಾರು?"

"ನಮ್ಮ... ಸಿಟ್ಟು."

ಗೃಹಸ್ಥರು ಅರ್ಧ ಬಗ್ಗಿದವರು ಹಾಗೆಯೇ ನಿಂತರು. ಎಲೆಯನ್ನೊಮ್ಮೆ, ಸೀಟಿಯನ್ನೊಮ್ಮೆ, ಕಾಶವ್ವನವರನ್ನೊಮ್ಮೆ ನೋಡಿದರು. ಕಾಶವ್ವನವರು ಹೌದೆಂದು ತಲೆಯಾಡಿಸಿದರು. "ಯಾತರ ಸಿಟ್ಟರಿ?" ಎಂದು ಗೃಹಸ್ಥರು ಕೇಳಿದ್ದರಿಂದ ಮಾಸ್ತರರು ಮತ್ತೆ ಹೇಳಬೇಕಾಯಿತು. ಈ ಸಲ ತುಳಸಿ ಬಿಟ್ಟುಹೋಯಿತು, ಅಭಿನಯಕ್ಕೆ ಕೈಯಲ್ಲಿ ರೊಟ್ಟಿ ಅಡ್ಡಬಂತು. ಗೃಹಸ್ಥರು ಪೂರ್ತಿ ಕೇಳಿ, "ಹಾಂ, ಗಾಡಿ ಬಂದ್ ಮಾಡ್ಲಿಲ್ಲ," ಎಂದು ಗಂಭೀರವಾಗಿ ಒಪ್ಪಿ, ಆದರೂ ಯಾಕಿದ್ದೀತು ಎಂದು ನಾಲ್ಕು ಎಲೆ ಆಚೆ ಹೋಗಿ ಕುಳಿತರು.

ಅಲ್ಲಿಂದ ಸುದ್ದಿ ಪಂಕ್ತಿಗುಂಟ ಪಿಸುಪಿಸು ಹರಿಯಿತು. ತಲೆಗಳು ಒಂದೊಂದಾಗಿ ಮುಂದಕ್ಕೆ ಬಾಗಿ ಖಾಲಿ ಜಾಗವನ್ನು ಇಣುಕಿ ನೋಡಿದವು. ಎದುರು ಸಾಲಿನಲ್ಲಿ ಗುಡ್ಡದ ಯಾತ್ರೆಗೆ ಹೊರಟ ಮುದುಕಿಯೊಬ್ಬಳಿದ್ದಳು. ಅವಳು ಜೋರಾಗಿಯೇ ಕೇಳಿದಳು: "ಏನಪಾ ಮಾಸ್ತರ, ನಿನ ಸಿಟ್ಟು ಯಾತಕ್ಕ ಬಂದೈತಿ?"

ಮಾಸ್ತರರಿಗೆ ಈಗ ಹೇಳಲು ಸಂಕೋಚವಾಯಿತು. "ನಮ್ಮ ತಂಗಿ ಗಂಡ ಲಗ್ನಕ್ಕ ಕರ್ಯಾಕ ಬಂದು ಗಾಡಿ ಬಂದ್ ಮಾಡ್ಲಿಲ್ಲಬೇ."

"ಅಷ್ಟನಾ?"

"ಅಷ್ಟ."

ಎರಡು ವಾರ ಮನೆ ತುಂಬ ಓಡಾಡಿದ ಸಿಟ್ಟು ಒಂದು ಸಾಲಿನಲ್ಲಿ ಮುಗಿದುಹೋಯಿತು. ಮಾಸ್ತರರಿಗೇ ಆಶ್ಚರ್ಯವಾಯಿತು. ಇನ್ನೂ ಏನೋ ಇರಬೇಕಲ್ಲ ಎಂದು ಒಳಗೆಲ್ಲ ತಡಕಾಡಿದರು.

ಮುದುಕಿ ಬಿಡಲಿಲ್ಲ. "ಬಂದ್ ಮಾಡಿದ್ರ ಮತ್ತ ಚಾಲೂ ಆಗ್ತೈತೇನು ಆ ಗಾಡಿ?"

ಮಾಸ್ತರರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಸುಳ್ಳು ಹೇಳುವ ಜಾಗವಲ್ಲ. "ಇಲ್ಲ," ಎಂದರು. "ದಬ್ಬಬೇಕು."

"ಯಾರು ದಬ್ಬಬೇಕು?"

"...ಪಂಚಮಿಗೆ ಬಂದಾಗ ನಾನ ದಬ್ಬಿದ್ದೆ."

"ಎಮ್ಮಿ ಮೇಯೂ ಮಾಳದ ತನಕಾ," ಎಂದು ಕಾಶವ್ವನವರು ತಮ್ಮ ಎಲೆಯಿಂದ ತಲೆ ಎತ್ತದೆ ಸೇರಿಸಿದರು.

ಪಂಕ್ತಿಯಲ್ಲಿ ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಯಾರು ನಕ್ಕರು, ಯಾರು ಬಿಟ್ಟರು ಎಂದು ಹೇಳುವುದು ಕಷ್ಟ. ಮಾಸ್ತರರ ಕೈ ಅಭ್ಯಾಸಬಲದಿಂದ ಸೀಟಿಗೆ ಹೋಯಿತು. ಆದರೆ ಊದಲು ಉಸಿರು ಎಳೆದುಕೊಂಡಾಗ ಬಂದದ್ದು ನಗೆ. ನಗೆಯ ಜೊತೆ ಹಿಂಡಿಯ ಖಾರ ನೆತ್ತಿಗೇರಿತು, ಕಣ್ಣಲ್ಲಿ ನೀರು ಬಂತು, ಕಾಶವ್ವನವರು ಬೆನ್ನು ತಟ್ಟಿದರು.

ಊಟ ಮುಗಿಸಿ ಏಳಹೊರಟಾಗ ಬಾಳವ್ವ ಅಡ್ಡ ನಿಂತಳು. "ಮಾಸ್ತರ, ಈ ಎಲಿ ಹಂಗ ಐತಲ್ರಿ. ಬಿಡೂ ಹಂಗಿಲ್ಲ."

ಮಾಸ್ತರರು ಹೊಸ್ತಿಲ ಕಡೆ ನೋಡಿದರು. ಅವ್ವನವರು ಮೊರದಿಂದ ಕಣ್ಣು ತೆಗೆಯದೆ ಅಂದರು: "ಸಾಕಿದವರೇ ಉಣಬೇಕು."

ದುಂಡಪ್ಪನವರು ಮತ್ತೆ ಕುಳಿತರು. ಬಿಸಿ ರೊಟ್ಟಿ ಆರಿತ್ತು, ಕಡಕ್ ರೊಟ್ಟಿ ಕಡಕ್ಕಾಗಿಯೇ ಇತ್ತು, ಮೇಲೆ ಬಾಳವ್ವನ ಭಕ್ತಿಯ ಕಾಣಿಕೆಯಾಗಿ ಒಂದು ಸೌಟು ಗೋಧಿ ಹುಗ್ಗಿ. ಒಂದೊಂದು ತುತ್ತಿಗೂ ಅವರಿಗೆ ಒಂದೊಂದು ನೆನಪಾಯಿತು. ಸೈಕಲ್ಲಿನ ಹಿಂದೆ ಓಡುತ್ತಿದ್ದಾಗ ಹಿಂದಿರುಗಿ ನೋಡದೆ "ಮಾಮಾ, ಹಿಡಕೊಂಡೀ ಹೌದಿಲ್ಲೋ?" ಎಂದು ಕೂಗುತ್ತಿದ್ದ ಹುಡುಗಿ. ಕೈ ಯಾವಾಗಲೋ ಬಿಟ್ಟಿದ್ದರೂ "ಹಿಡಕೊಂಡೀನಿ ನಡಿ" ಎನ್ನುತ್ತಿದ್ದ ತಾವು. ಈಗ ಅವಳು ಖೋಲಿಯಲ್ಲಿ ಕುಳಿತು ಬಾಗಿಲು ನೋಡುತ್ತಿರಬಹುದು. ಹುಗ್ಗಿಯ ಕೊನೆಯ ತುತ್ತುಗಳು ಬಹಳ ನಿಧಾನವಾದವು. ಅದು ಎರಡನೇ ಊಟದ ಭಾರವಷ್ಟೇ ಅಲ್ಲ ಎಂದು ಕಾಶವ್ವನವರು ನನಗೆ ಹೇಳಿದರು. ಪಡಸಾಲೆಯಲ್ಲಿ ಕುಳಿತಿದ್ದ ಯಜಮಾನರಿಂದ ಈ ಮಾತಿಗೆ ತಿದ್ದುಪಡಿ ಬರಲಿಲ್ಲ.

ಎಲೆ ಬರಿದಾಯಿತು. ದುಂಡಪ್ಪನವರು ಮೆಲ್ಲಗೆ ಎದ್ದು, ಕೈ ತೊಳೆದು, ಅವ್ವನವರ ಮುಂದೆ ಬಂದು ನಿಂತರು. ಈ ಸಲದ ನಮಸ್ಕಾರದಲ್ಲಿ ಡ್ರಿಲ್ ಇರಲಿಲ್ಲ.

"ಲಗ್ನಕ್ಕ ಹೋಗಿ ಬರ್ತೀನ್ರಿ ಅವ್ವಾರ."

"ಅವರೂ ಬರ್ತಾರೇನು?" ಎಂದು ಅವ್ವನವರು ಬಲಗಡೆಯ ಎಲೆಯತ್ತ ಕಣ್ಣು ತೋರಿದರು.

ಮಾಸ್ತರರು ಆ ಕಡೆ ನೋಡಿ ಬಹಳ ವಿನಯದಿಂದ ಹೇಳಿದರು: "ಇಲ್ರಿ. ಅವರು ಇಲ್ಲೇ ಇರ್ತಾರಂತ."

"ಇರಲಿ," ಎಂದರು ಅವ್ವನವರು, ಮತ್ತೆ ಮೊರ ಎತ್ತಿಕೊಳ್ಳುತ್ತ. "ಎಲಿ ಎತ್ತಾಕ ಒಬ್ಬರು ಬೇಕಾಗಿತ್ತು."

ಹೊರಗೆ ಬೇವಿನ ಮರದಡಿ ಕಾಶವ್ವನವರು ಚೀಲ ಬಿಚ್ಚಿದರು. ಹಳೆಯ ಬಟ್ಟೆಯಲ್ಲ, ಮದುಮಗಳಿಗೆ ಮಾಮನ ಮನೆಯ ಸೀರೆ, ಮಾಸ್ತರರ ಜರತಾರಿ ರುಮಾಲು, ಗರಿಗರಿ ಧೋತರ. ಮಾಸ್ತರರು ಹೆಂಡತಿಯ ಮುಖ ನೋಡಿದರು. ಅಷ್ಟರಲ್ಲಿ ದೂರದಿಂದ ಗುಡುಗುಡು ಸದ್ದು. ಮನೆಯಲ್ಲಿ ಸಿಗದವರನ್ನು ಹುಡುಕುತ್ತ ರಾಚಪ್ಪ ಬರುತ್ತಿದ್ದ. ತಂಗಿ ಏನು ಹೇಳಿ ಕಳಿಸಿದ್ದಳೋ, ಇವರನ್ನು ಕಂಡವನೇ ಬ್ರೇಕ್ ಹಾಕಿ, ಕೀಲಿ ತಿರುವಿ ಗಾಡಿಯನ್ನು ಪೂರ್ತಿ ಬಂದ್ ಮಾಡಿ, ಚಪ್ಪಲಿ ಬಿಟ್ಟು ಕೆಳಗಿಳಿದ. ಜೇಬಿನಿಂದ ಕುಂಕುಮದ ಭರಣಿ ತೆಗೆದ. ಎಲೆ ಅಡಿಕೆ ತೆಗೆದ. ಕೈ ಮುಗಿದು ತಲೆ ಬಾಗಿಸಿದ.

ದುಂಡಪ್ಪನವರು ಎರಡೂ ಕೈ ಮೇಲೆತ್ತಿ ಕೂಗಿದರು:

"ಅಯ್ಯ ನನ್ನ ಶಿವನೇ, ಯಾಕೋ ಬಂದ್ ಮಾಡಿದಿ!"

ಮುಂದೆ ಆದದ್ದನ್ನು ಊರವರೆಲ್ಲ ಕಂಡಿದ್ದಾರೆ. ರಾಚಪ್ಪ ಗಾಡಿಯ ಮೇಲೆ, ಎರಡು ಊಟ ಉಂಡ ಮಾಸ್ತರರು ಧೋತರ ಎತ್ತಿಕಟ್ಟಿ ಹಿಂದಿನಿಂದ ದಬ್ಬುತ್ತ, ಹೆಜ್ಜೆಗೊಮ್ಮೆ ತಾವೇ ಸೀಟಿ ಊದಿಕೊಳ್ಳುತ್ತ. ಹಳ್ಳದ ದಿಬ್ಬ ಇಳಿಯುವಾಗ ಗಾಡಿ ಕೆಮ್ಮಿತು, ಸೀನಿತು, ಚಾಲೂ ಆಯಿತು. ರಾಚಪ್ಪ ಹತ್ತಿಸಿಕೊಳ್ಳಲು ನಿಲ್ಲಿಸಹೊರಟ.

"ನಿಲ್ಲಿಸಬ್ಯಾಡೋ! ನಡಿ ನಡಿ! ನಾವು ಬಸ್ಸಿಗೆ ಬರ್ತೀವಿ!"

ಹೊಗೆಯ ನಡುವಿನಿಂದ, ಹಿಂದಿರುಗಿ ನೋಡದೆ, ರಾಚಪ್ಪ ಕೂಗಿದ: "ಬಂದ್ಬಿಡ್ರಿ ಭಾವಾರ!"

ಅದೇ ಮಾತು, ಅದೇ ಗಾಡಿ, ಅದೇ ಸದ್ದು. ದುಂಡಪ್ಪನವರು ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಡುತ್ತ ಹೆಂಡತಿಗೆ ಹೇಳಿದರು: "ನೋಡು, ಎಷ್ಟ್ ಮರ್ಯಾದಿಲೆ ಕರದಾ!"

ಮರುದಿನ ದಾಕ್ಷಾಯಿಣಿ ಮಾಮನ ಕೈಹಿಡಿದೇ ಮಂಟಪಕ್ಕೆ ಬಂದಳು. ಆ ಮೇಲೆಯೂ ಮಾಸ್ತರರಿಗೆ ಸಿಟ್ಟು ಬರುತ್ತದೆ, ಬರುವುದಿಲ್ಲವೆಂದರೆ ಯಾರೂ ನಂಬುವುದಿಲ್ಲ. ಆದರೆ ಬಂದಾಗ ಸೀಟಿ ಊದುವುದಿಲ್ಲ. "ಕಾಶೀ, ಮಗ್ಗಲಕ ಒಂದು ತಾಟು ಇಡು" ಎನ್ನುತ್ತಾರೆ. ತಾಟು ಬಂದು, ಕಾಶವ್ವ ಎಷ್ಟು ರೊಟ್ಟಿ ಹಾಕಲಿ ಎಂದು ಕೇಳುವಷ್ಟರಲ್ಲಿ ಬಹಳ ಸಲ ಅತಿಥಿಗಳು ಹೊರಟುಹೋಗಿರುತ್ತಾರೆ. ಹೋಗದಿದ್ದ ದಿನ ಮಾಸ್ತರರು ಅವರ ಪಾಲನ್ನೂ ಉಂಡು ಮಧ್ಯಾಹ್ನ ಗಡದ್ದಾಗಿ ಮಲಗುತ್ತಾರೆ.

ಅವ್ವನವರು ಲಿಂಗೈಕ್ಯರಾಗಿ ವರ್ಷಗಳಾದವು. ಮಠದ ಪಂಕ್ತಿಯ ಕೊನೆಗೆ ಇಂದಿಗೂ ಒಂದು ಎಲೆಯನ್ನು ಹೆಚ್ಚಿಗೆ ಹಾಕುತ್ತಾರೆ. ಯಾರದೆಂದು ಯಾರೂ ಕೇಳುವುದಿಲ್ಲ, ಬಂದವರು ತಮ್ಮತಮ್ಮದೆಂದು ತಿಳಿದುಕೊಳ್ಳುತ್ತಾರೆ. ಸೀದ ಹೋಳಿಗೆಯನ್ನು ನನ್ನ ತಾಟಿಗೆ ಹಾಕುತ್ತ ಕಾಶವ್ವನವರು, "ಉಂಡಿ ಅಲ್ಲ? ಇನ್ನ ನಾಕ್ ಮಂದಿಗೆ ಹೇಳು" ಎಂದಿದ್ದರು. ನಾನು ಹೇಳಿದ್ದೇನೆ. ನಿಮ್ಮ ಬಳಗದಲ್ಲೂ ಮುನಿಸಿನ ಗಿಡ ಹತ್ತಿ ಕುಳಿತು ನಿಚ್ಚಣಿಕೆಗೆ ಕಾಯುತ್ತಿರುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಮುಂದಿನ ಮದುವೆಯೊಳಗಾಗಿ ಅವರಿಗೆ ಇದನ್ನು ಹೇಳಿಬಿಡಿ. ಆದರೆ ಬರಿಹೊಟ್ಟೆಯಲ್ಲಿದ್ದಾಗ ಹೇಳಬೇಡಿ. ಮೊದಲು ಎಲೆ ಹಾಕಿ.