ಸಾವಿರ ಎಲೆಯ ಅಡುಗೆಯವನು

"ಗುರುಗಳೇ, ಮೊದಲಿನ ಜನ ಮರಳಿ ಬರುವವರೆಗೆ ಪ್ರವಚನ ನಿಲ್ಲಿಸಿದರೆ ತಪ್ಪೇ?" ಎಂದು ಮರುಳಯ್ಯ ಕೇಳಿದ.

ಮರುಳಯ್ಯ ಮಠದ ಶಿಷ್ಯ. ಪ್ರತಿ ಸೋಮವಾರ ಸಂಜೆ ಮಠದ ಹಜಾರದಲ್ಲಿ ಪ್ರವಚನ ಹೇಳುವುದು ಅವನ ಕೆಲಸ. ಊರಿಗೆ ದೊಡ್ಡ ಜ್ವರ ಬರುವ ಮೊದಲು ಅಲ್ಲಿ ನಾನೂರು ಜನ ಕೂರುತ್ತಿದ್ದರು. ಜ್ವರ ಬಂತು, ಜನ ಮನೆಯೊಳಗೆ ಉಳಿದರು. ಜ್ವರ ಹೋಗಿ ಎರಡು ವರ್ಷವಾದರೂ ಆ ರೂಢಿ ಹೋಗಲಿಲ್ಲ. ಈಗ ಬರುವವರು ಏಳು ಜನ. ಮರುಳಯ್ಯ ಆ ಏಳು ಜನರ ತಲೆಯ ಮೇಲಿಂದ ಹಿಂದಿನ ಕಂಬಗಳನ್ನು ನೋಡುತ್ತಾ, ನಾನೂರು ಜನಕ್ಕೆ ಕೇಳುವಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದ. ಪ್ರವಚನ ಬಿಟ್ಟರೆ ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಗುರುಗಳು "ಕೂತುಕೋ" ಎಂದರು. ಆಮೇಲೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಅಡುಗೆಯವನಿದ್ದ. ಹೆಸರು ಬೇಡ, ಅವನ ಮೊಮ್ಮಕ್ಕಳು ಇನ್ನೂ ಇದ್ದಾರೆ. ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಮದುವೆಯೆಂದರೆ ಅವನದೇ ಅಡುಗೆ. ಎಷ್ಟು ಜನ ಎಂದು ಅವನು ಎಂದೂ ಕೇಳಿದವನಲ್ಲ, ಎಷ್ಟು ಎಲೆ ಎಂದು ಕೇಳುತ್ತಿದ್ದ. ನೂರು ಎಲೆಗೆ ಐದು ಹಿಡಿ ಉಪ್ಪು, ಸಾವಿರ ಎಲೆಗೆ ಐವತ್ತು ಹಿಡಿ. ತಕ್ಕಡಿ ಮುಟ್ಟುತ್ತಿರಲಿಲ್ಲ, ಕೈಯೇ ತಕ್ಕಡಿ. ಅವನ ತಾಮ್ರದ ಕೊಪ್ಪರಿಗೆಯನ್ನು ಎತ್ತಲು ನಾಲ್ಕು ಆಳು ಬೇಕಿತ್ತು. ಬಡಿಸುವವರು ಬೇರೆ ಇದ್ದರು. ಮೂವತ್ತು ವರ್ಷ ಅವನು ಒಲೆಯ ಮುಂದೆ ನಿಂತನೇ ಹೊರತು ಪಂಕ್ತಿಯ ಕಡೆಗೆ ಒಮ್ಮೆಯೂ ಹೋಗಲಿಲ್ಲ.

ಆ ಊರಿಗೂ ನಮ್ಮೂರಿನ ಹಾಗೆಯೇ ಜ್ವರ ಬಂತು. ಇಪ್ಪತ್ತು ಜನಕ್ಕಿಂತ ಹೆಚ್ಚು ಸೇರಬಾರದು ಎಂದು ಕಟ್ಟಳೆಯಾಯಿತು. ಮುಂದೆ ಜ್ವರ ಹೋಯಿತು, ಕಟ್ಟಳೆಯೂ ಹೋಯಿತು. ಆದರೆ ಅಷ್ಟರಲ್ಲಿ ಇಪ್ಪತ್ತು ಎಲೆಯ ಮದುವೆಯಲ್ಲಿ ಕಟ್ಟಿದ ತಾಳಿಯೂ ಗಟ್ಟಿಯಾಗಿಯೇ ನಿಲ್ಲುತ್ತದೆ ಎಂದು ಜನ ನೋಡಿಬಿಟ್ಟಿದ್ದರು. ಒಮ್ಮೆ ನೋಡಿದ ಮೇಲೆ ಮರೆಸುವುದು ಯಾರಿಂದ ಸಾಧ್ಯ?

ಅಡುಗೆಯವನು ಕಾದ. ಇಪ್ಪತ್ತು ಎಲೆಗೆ ಬಾ ಎಂದವರಿಗೆ, ಅಷ್ಟಕ್ಕೆ ನಾನು ಯಾಕೆ, ನಿಮ್ಮ ಮನೆಯ ಹೆಂಗಸರೇ ಮಾಡಿಕೊಳ್ಳಲಿ ಎಂದ. ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ಕೊಪ್ಪರಿಗೆ ಉಜ್ಜಿದ. ಉಜ್ಜಿ ಉಜ್ಜಿ ಅದು ಮದುವೆಯ ದಿನಗಳಲ್ಲಿ ಕೂಡ ಹೊಳೆಯದಷ್ಟು ಹೊಳೆಯಿತು. ಹೀಗೆ ಒಂದು ವರ್ಷ ಹೋಯಿತು. ಮನೆಯಲ್ಲಿ ಎರಡು ಹೊತ್ತಿನ ಊಟ ಒಂದು ಹೊತ್ತಿಗೆ ಬಂತು.

ಆಗ ಅವನು ಇಳಿದು ಬಂದ. ಎರಡು ಮನೆಗಳ ಕೆಲಸ ಒಪ್ಪಿಕೊಂಡ. ಮೊದಲನೆಯದು ಒಬ್ಬ ವ್ಯಾಪಾರಿಯ ಮನೆ, ಇಪ್ಪತ್ತು ಎಲೆ. ನೂರಕ್ಕೆ ಐದು ಹಿಡಿಯಾದರೆ ಇಪ್ಪತ್ತಕ್ಕೆ ಒಂದು ಹಿಡಿ. ಭಾಗಾಕಾರ ಸರಿಯಾಗಿಯೇ ಇತ್ತು. ಅಡುಗೆಯೂ ಅವನ ಎಂದಿನ ಅಡುಗೆಯೇ. ಆದರೂ ನಾಲ್ಕು ಜನ ಅರ್ಧ ಎಲೆಯಲ್ಲೇ ಎದ್ದರು. ಒಬ್ಬಳಿಗೆ ಹಲ್ಲಿರಲಿಲ್ಲ, ಒಬ್ಬನಿಗೆ ವೈದ್ಯರು ಉಪ್ಪು ಬಿಡಿಸಿದ್ದರು, ಇಬ್ಬರು ಮಕ್ಕಳಿಗೆ ಖಾರ ಹೆಚ್ಚಾಯಿತು. ಸಾವಿರ ಎಲೆಯಲ್ಲಿ ನಾಲ್ಕು ಜನ ಉಣ್ಣದೆ ಎದ್ದರೆ ಯಾರಿಗೂ ತಿಳಿಯುವುದಿಲ್ಲ. ಇಪ್ಪತ್ತು ಎಲೆಯಲ್ಲಿ ಎದ್ದರೆ ಹೆಣ್ಣಿನ ತಂದೆಯ ಮುಖ ಬಾಡುತ್ತದೆ. ಸಂಜೆಯ ಹೊತ್ತಿಗೆ, ಅವನ ಕೈ ಕೆಟ್ಟಿತು ಎಂದು ಊರು ಮಾತಾಡಿಕೊಂಡಿತು.

ಉಳಿದದ್ದು ಒಂದೇ ಮನೆ, ಒಬ್ಬ ನೇಕಾರನದು. ಮದುವೆಗೆ ಐದು ದಿನವಿತ್ತು, ಹದಿನೆಂಟು ಎಲೆ. ಅದೂ ಕೆಟ್ಟರೆ ಇನ್ನು ಯಾರೂ ಕರೆಯುವುದಿಲ್ಲ. ಪಾತ್ರೆ ವ್ಯಾಪಾರಿ ಆಗಲೇ ಬಂದು ಕೊಪ್ಪರಿಗೆಯನ್ನು ತಟ್ಟಿ ನೋಡಿ ಹೋಗಿದ್ದ. ಅದನ್ನು ಮಾರಿ, ಮಂಡಿಯಲ್ಲಿ ಮೂಟೆ ಹೊರುವುದೊಂದೇ ಅವನಿಗೆ ಉಳಿಯುವ ದಾರಿ. ಐವತ್ತೈದರ ಬೆನ್ನು ಎಷ್ಟು ಮೂಟೆ ಹೊತ್ತೀತು?

ಆ ದಿನ ಅವನು ತನ್ನ ಮನೆಯ ಅಡುಗೆಮನೆಗೆ ಹೋದ. ಮೂವತ್ತು ವರ್ಷ ಊರಿಗೆಲ್ಲ ಬೇಯಿಸಿದವನು ಸ್ವಂತ ಒಲೆಯ ಮುಂದೆ ಕೂತದ್ದು ಅದೇ ಮೊದಲು. ಹೆಂಡತಿ ಬೇಳೆ ತೊಳೆಯುತ್ತಿದ್ದಳು. ಅವನಿಗೆ ನಾಚಿಕೆಯಾಯಿತು. ಆದರೂ ಕೇಳಿದ.

"ಹದಿನೆಂಟು ಎಲೆಗೆ ಉಪ್ಪು ಎಷ್ಟು ಹಾಕ್ತೀಯೆ?"

"ಎಲೆ ಉಣ್ಣಲ್ಲ ಕಣ್ರೀ," ಎಂದಳು ಅವಳು. "ಉಣ್ಣೋರು ಯಾರು ಅಂತ ಹೇಳಿ, ಆಮೇಲೆ ಉಪ್ಪಿನ ಮಾತು. ಅತ್ತೆಗೆ ಹಲ್ಲಿಲ್ಲ, ಬೇಳೆ ನುಣ್ಣಗೆ ಬೇಯಿಸ್ತೀನಿ. ಮಗಳಿಗೆ ಹುಳಿ ಆಗಲ್ಲ, ಅವಳಿಗೆ ಮೊದಲೇ ತೆಗೆದಿಡ್ತೀನಿ. ನಿಮಗೇನು ಸೇರುತ್ತೋ ನಂಗೊತ್ತಿಲ್ಲ. ಒಂದು ವರ್ಷದಿಂದ ಮನೇಲೇ ಉಣ್ತಿದ್ದೀರಿ, ಕೊಪ್ಪರಿಗೆ ನೋಡ್ಕೊಂಡು ಉಣ್ತೀರಿ. ನಾನು ಏನು ಬಡಿಸಿದೆ ಅಂತ ನಿಮಗೇ ಗೊತ್ತಿರಲ್ಲ."

ಅಂದು ಅವನು ಎಲೆಯ ಕಡೆಗೆ ನೋಡಿ ಉಂಡ. ಬದನೆಕಾಯಿ ಪಲ್ಯ ಇನ್ನೊಂದಿಷ್ಟು ಹಾಕು ಎಂದ. ಹೆಂಡತಿ ಹಾಕಿದಳು.

ಮರುದಿನ ಬೆಳಿಗ್ಗೆ ಅವನು ನೇಕಾರನ ಮನೆಗೆ ನಡೆದು ಹೋಗಿ ಜಗಲಿಯ ಮೇಲೆ ಕೂತ. ಯಾರ್ಯಾರು ಉಣ್ಣಲು ಬರುತ್ತಾರೆ, ಯಾರಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಒಬ್ಬೊಬ್ಬರ ವಿಷಯವಾಗಿ ಕೇಳಿದ. ಇವನು ಅಡುಗೆಗೆ ಬಂದನೋ, ಹೆಣ್ಣು ನೋಡಲು ಬಂದನೋ ಎಂದು ಮನೆಯವರು ನಕ್ಕರು. ಅವನು ನಗಲಿಲ್ಲ. ನೇಕಾರನ ತಂದೆ ಮೂಲೆಯಲ್ಲಿ ಕೂತಿದ್ದ. ಆ ಮುದುಕ ಜ್ವರದಿಂದ ಎದ್ದಾಗಿನಿಂದ ಅವನ ನಾಲಿಗೆಗೆ ರುಚಿ ಹತ್ತುತ್ತಿರಲಿಲ್ಲ, ಮೂಗಿಗೆ ವಾಸನೆ ತಿಳಿಯುತ್ತಿರಲಿಲ್ಲ. ಏನು ಕೊಟ್ಟರೂ ಮಣ್ಣು ಎಂದು ಎಲೆ ತಳ್ಳುತ್ತಿದ್ದ. ಮದುವೆಯ ದಿನವೂ ಹೀಗೆ ತಳ್ಳಿದರೆ ಏನು ಗತಿ ಎಂದು ಮನೆಯವರು ಅವನನ್ನು ಒಳಗೇ ಕೂರಿಸುವ ಯೋಚನೆಯಲ್ಲಿದ್ದರು.

ಅಡುಗೆಯವನು ಮುದುಕನ ಪಕ್ಕಕ್ಕೆ ಸರಿದು ಕೂತ. ಬಾಯಿಗೆ ಏನಾದರೂ ತಿಳಿಯುವುದುಂಟೇ ಎಂದು ಕೇಳಿದ. ಮುದುಕ, ಶುಂಠಿ ಕಚ್ಚಿದರೆ ಸ್ವಲ್ಪ ಚುರುಕ್ ಎನ್ನುತ್ತದೆ ಎಂದ.

ಮದುವೆಯ ದಿನ ಅಡುಗೆಯವನು ಕೊಪ್ಪರಿಗೆ ತರಲಿಲ್ಲ. ಹೆಂಡತಿಯ ಆರು ಪಾತ್ರೆಗಳನ್ನು ಕೇಳಿ ತಂದಿದ್ದ. ಎಲ್ಲಕ್ಕಿಂತ ಚಿಕ್ಕದರಲ್ಲಿ ಒಬ್ಬನಿಗಾಗುವಷ್ಟು ಸಾರು ಇತ್ತು. ಶುಂಠಿ ಜಜ್ಜಿ, ಮೆಣಸು ಕುಟ್ಟಿ ಹಾಕಿ, ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿದ್ದ. ಅದನ್ನು ಬಡಿಸುವವರ ಕೈಗೆ ಕೊಡಲಿಲ್ಲ. ತಾನೇ ಪಂಕ್ತಿಗೆ ಹೋಗಿ ಮುದುಕನ ಎಲೆಗೆ ಬಡಿಸಿ ಅಲ್ಲೇ ನಿಂತ.

ಮುದುಕ ಒಂದು ತುತ್ತು ಉಂಡ. ಇನ್ನೊಂದು ತುತ್ತು ಉಂಡ. ಆಮೇಲೆ ತಲೆಯೆತ್ತಿ, ಇನ್ನೊಂದು ಸೌಟು ಸಾರು ಬಿಡು ಎಂದ. ಅವನು ಬೇಕು ಎಂದದ್ದನ್ನು ಆ ಮನೆಯವರು ಕೇಳಿ ವರ್ಷವೇ ಆಗಿತ್ತು. ಪಂಕ್ತಿಯಲ್ಲಿ ಎಲ್ಲರೂ ಉಣ್ಣುವುದನ್ನು ಬಿಟ್ಟು ಅವನನ್ನೇ ನೋಡಿದರು.

ಮೂವತ್ತು ವರ್ಷಗಳಲ್ಲಿ ಅವನ ಅಡುಗೆಗೆ ಎಷ್ಟು ಲಕ್ಷ ಎಲೆ ಬಿದ್ದಿದ್ದವೋ. ಒಬ್ಬರು ಉಣ್ಣುವುದನ್ನು ಅವನು ನಿಂತು ನೋಡಿದ್ದು ಅದೇ ಮೊದಲು. ಅವನಿಗೆ ಅಳು ಬಂತು. ಹೊಗೆ ಎಂದು ಹೇಳಿ ಕಣ್ಣೊರೆಸಿಕೊಂಡ. ಒಲೆ ಹಿತ್ತಲಲ್ಲಿತ್ತು, ಪಂಕ್ತಿಯವರೆಗೆ ಹೊಗೆ ಬರುತ್ತಿರಲಿಲ್ಲ. ಆದರೆ ಯಾರೂ ಅದನ್ನು ಎತ್ತಿ ಆಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಸಾವಿರ ಎಲೆಯ ಮದುವೆಗಳು ಮತ್ತೆ ಬಂದವೇ?" ಎಂದು ಮರುಳಯ್ಯ ಕೇಳಿದ.

"ಇಲ್ಲ. ಆ ಕೊಪ್ಪರಿಗೆಯಲ್ಲಿ ಅವನ ಹೆಂಡತಿ ಮಳೆನೀರು ಹಿಡಿಯುತ್ತಿದ್ದಳು."

ಮರುಳಯ್ಯನ ಮುಖ ಗೆಲುವಾಯಿತು. "ತಿಳಿಯಿತು ಗುರುಗಳೇ. ಪ್ರವಚನ ನಿಲ್ಲಿಸುವುದಿಲ್ಲ. ಎರಡು ಗಂಟೆಯದನ್ನು ಅರ್ಧ ಗಂಟೆಗೆ ಇಳಿಸುತ್ತೇನೆ. ದನಿಯನ್ನೂ ಏಳು ಜನಕ್ಕೆ ತಕ್ಕಷ್ಟು ತಗ್ಗಿಸುತ್ತೇನೆ."

ಗುರುಗಳು ಅವನನ್ನೇ ನೋಡಿದರು.

"ಆ ಏಳು ಜನರ ಹೆಸರು ಹೇಳು."